ನಡಿಗೆ ಪಳಗಿದ ಮೇಲೆ ಓಟ: ಇಂಗ್ಲೆಂಡಿನ ಬೆಟ್ಟಗಳಲ್ಲಿ ಒಂದು ಸಾಧನೆ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರಗಳ ಸೀಮೆಯೊಂದಿದೆ. ಅಲ್ಲಿಯ ಜನ ತಮ್ಮ ಬೆಟ್ಟಗಳನ್ನು ‘ಫೆಲ್’ ಎಂದು ಕರೆಯುತ್ತಾರೆ. ಸಾವಿರ ವರ್ಷಗಳ ಹಿಂದೆ ಕಡಲು ದಾಟಿ ಬಂದು ನೆಲೆಸಿದ ನಾರ್ವೆ ಮೂಲದ ಜನರು ಬಿಟ್ಟುಹೋದ ಪದವಿದು. ಹಳ್ಳಕ್ಕೆ ‘ಬೆಕ್’ ಎಂದೂ ಬೆಟ್ಟದ ಮೇಲಣ ಸಣ್ಣ ಕೊಳಕ್ಕೆ ‘ಟಾರ್ನ್’ ಎಂದೂ ಹೇಳುವುದು ಅದೇ ಮೂಲದಿಂದ ಬಂದದ್ದು. ಸೀಮೆ ಅಳಿದರೂ ಸೀಮೆಯ ನುಡಿ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಇಂಗ್ಲೆಂಡಿನಲ್ಲೇ ಎತ್ತರವಾದ ಸ್ಕಾಫೆಲ್ ಪೈಕ್ ಇರುವುದು ಇಲ್ಲಿಯೇ. ಅದರ ಎತ್ತರ 978 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಸುಮಾರು ಅರ್ಧ. ಆದರೆ ಎತ್ತರವನ್ನು ಮಾತ್ರ ನೋಡಿ ಈ ಬೆಟ್ಟಗಳನ್ನು ಹಗುರವಾಗಿ ಎಣಿಸಿದವರು ಕಷ್ಟಕ್ಕೆ ಸಿಲುಕಿದ್ದಾರೆ. ಮೇಲೇರಿದರೆ ಮರಗಳ ನೆರಳಿಲ್ಲ. ಹುಲ್ಲು, ಬಂಡೆ, ಸಡಿಲು ಕಲ್ಲಿನ ಜಾರು, ಕಾಲಿಟ್ಟರೆ ಮೊಣಕಾಲವರೆಗೆ ಹೂಳುವ ಜವುಗು, ಇವುಗಳ ನಡುವೆ ಕುರಿಗಳು. ಈ ಬೆಟ್ಟಗಳ ಮೇಲೆ, ಡಾಂಬರು ರಸ್ತೆಯ ಹಂಗಿಲ್ಲದೆ, ಹಲವೆಡೆ ಕಾಲುದಾರಿಯ ಹಂಗೂ ಇಲ್ಲದೆ ಓಡುವುದಕ್ಕೆ ‘ಫೆಲ್ ರನ್ನಿಂಗ್’ ಎಂದು ಹೆಸರು. ನಾವು ಇದನ್ನು ಬೆಟ್ಟದೋಟವೆನ್ನೋಣ.

ಮಠದ ಪಾಠಶಾಲೆಯಲ್ಲಿ ನಮ್ಮೊಡನೆ ಓದಿದ ಗೆಳೆಯರೊಬ್ಬರ ಮಗಳು ಅಲ್ಲಿಗೆ ಸಮೀಪದ ಊರಿನಲ್ಲಿ ವೈದ್ಯೆಯಾಗಿದ್ದಾಳೆ. ಎರಡು ವರ್ಷಗಳಿಂದ ಬಿಡುವಿದ್ದಾಗಲೆಲ್ಲ ಬೆಟ್ಟ ನಡೆಯುತ್ತಿದ್ದವಳು ಈಗ ಓಡುತ್ತೇನೆಂದು ಹೊರಟಿದ್ದಾಳೆ. ಗೆಳೆಯರು ಗಾಬರಿಯಾಗಿ ನಮಗೆ ಕಾಗದ ಬರೆದರು. ಮಗಳು ದೂರವಾಣಿಯಲ್ಲಿ, “ಕಾಕಾ, ನೀವಾದರೂ ಅಪ್ಪಗ ತಿಳಿಸಿ ಹೇಳ್ರಿ” ಎಂದಳು. ತಂದೆಯ ಭಯವೂ ಸುಳ್ಳಲ್ಲ, ಮಗಳ ಆಸೆಯೂ ತಪ್ಪಲ್ಲ. ಮಕ್ಕಳು ಪರದೇಶದಲ್ಲಿರುವ ಮನೆಗಳಲ್ಲಿ ಇಂಥ ಮಾತು ಏಳುತ್ತಲೇ ಇರುತ್ತದೆ. ಬೇಡವೆಂದು ತಡೆಯುವುದು ಸುಲಭ, ಹೇಗಾದರೂ ಮಾಡಿಕೊಳ್ಳಲಿ ಎಂದು ಕೈಬಿಡುವುದೂ ಸುಲಭ. ಹೇಗೆ ಮಾಡಿದರೆ ಕೆಡುಕಾಗದು ಎಂದು ತಿಳಿದು ಹೇಳುವುದೇ ಹಿರಿಯರಿಗೆ ಒಪ್ಪುವ ಕೆಲಸ. ಆ ಕಾರಣದಿಂದ ಓದಿ, ಕೇಳಿ, 2023ರ ಜೂನ್ ತಿಂಗಳಲ್ಲಿ ಆ ಮನೆಯವರೊಡನೆ ಕೆಸಿಕ್ ಎಂಬ ಊರಿನಲ್ಲಿ ನಾಲ್ಕು ದಿನವಿದ್ದಾಗ ಕಣ್ಣಾರೆ ಕಂಡು, ನಾವು ಅರಿತದ್ದನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ಮೊದಲಿಗೆ ತಿಳಿಯಬೇಕಾದುದು, ಬೆಟ್ಟದೋಟಗಾರರು ಬೆಟ್ಟವನ್ನು ಪೂರ್ತಿ ಓಡಿ ಏರುವುದಿಲ್ಲವೆಂಬ ಸಂಗತಿ. ಇದನ್ನು ಕೇಳಿದಾಗ ನಮ್ಮ ಗೆಳೆಯರಿಗೆ ಅರ್ಧ ಭಯ ಇಳಿಯಿತು. ಕಡಿದಾದ ಏರಿನಲ್ಲಿ ಓಡುವುದಕ್ಕೆ ತಗಲುವ ಶಕ್ತಿ ಅದೇ ವೇಗದ ನಡಿಗೆಗೆ ತಗಲುವುದಕ್ಕಿಂತ ಹೆಚ್ಚು. ಆದುದರಿಂದ ಗೆಲ್ಲುವವರೂ ಅಲ್ಲಿ ಸೊಂಟ ಬಾಗಿಸಿ, ಅಂಗೈಗಳನ್ನು ತೊಡೆಯ ಮೇಲೂರಿ, ಒಂದೊಂದು ಹೆಜ್ಜೆಗೂ ಕೈಯಿಂದ ಕಾಲನ್ನು ಒತ್ತುತ್ತ ನಡೆಯುತ್ತಾರೆ. ನೋಡುವವರಿಗೆ ಮುದುಕರು ಮೆಟ್ಟಿಲು ಹತ್ತಿದಂತೆ ಕಾಣುತ್ತದೆ. ಆದರೆ ಆ ನಡಿಗೆ ಕ್ಷಣವೂ ನಿಲ್ಲುವುದಿಲ್ಲ. ಎರಡು ವರ್ಷ ಬೆಟ್ಟ ನಡೆದವರ ಕೈಯಲ್ಲಿ, ಅಥವಾ ಕಾಲಲ್ಲಿ ಎನ್ನೋಣ, ಈ ವಿದ್ಯೆಯ ಬಹುಭಾಗ ಆಗಲೇ ಇರುತ್ತದೆ.

ನಡಿಗೆಯ ಲೆಕ್ಕಕ್ಕೆ ಅಲ್ಲೊಂದು ಹಳೆಯ ಸೂತ್ರವಿದೆ. 1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಹಾಕಿಕೊಟ್ಟದ್ದು. ಮೂರು ಮೈಲಿಗೆ ಒಂದು ಗಂಟೆ, ಮೇಲೇರುವ ಪ್ರತಿ 2000 ಅಡಿಗೆ ಇನ್ನೊಂದು ಗಂಟೆ. ಈಗಿನ ಅಳತೆಯಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಮತ್ತೊಂದು ಗಂಟೆ ಎಂದಿಟ್ಟುಕೊಳ್ಳುತ್ತಾರೆ. ಕೆಸಿಕ್ ಊರಿನ ಬೆನ್ನಿಗಿರುವ ಸ್ಕಿಡ್ಡಾ ಬೆಟ್ಟದ ಎತ್ತರ 931 ಮೀಟರ್. ಊರಿನಿಂದ ಸುಮಾರು ಏಳು ಕಿಲೋಮೀಟರ್ ದಾರಿ, ಸುಮಾರು 850 ಮೀಟರ್ ಏರು. ಸೂತ್ರದಂತೆ ತುದಿ ಮುಟ್ಟಲು ಎರಡು ಗಂಟೆ ಐವತ್ತು ನಿಮಿಷ ಬೇಕು. ಇದೇ ಬೆಟ್ಟಕ್ಕೆ ನಡೆಯುವ ಸ್ಪರ್ಧೆಯಲ್ಲಿ ಮುಂಚೂಣಿಯವರು ಹತ್ತಿ ಇಳಿದು ಊರು ಸೇರುವುದು ಒಂದು ಗಂಟೆಯ ಮೇಲೆ ಕೆಲವೇ ನಿಮಿಷಗಳಲ್ಲಿ! ಹೊಸಬರು ಇದನ್ನು ಕೇಳಿ ಬೆರಗಾಗಲಿ, ಬೆನ್ನುಹತ್ತುವುದು ಬೇಡ. ಅವರಿಗೆ ಪ್ರಯೋಜನವಾಗುವುದು ನೇಸ್ಮಿತ್ ಸೂತ್ರವೇ. ಪರಿಚಿತ ಬೆಟ್ಟವೊಂದನ್ನು ಆಯ್ದು, ಸೂತ್ರದ ಹೊತ್ತಿಗಿಂತ ಕಾಲುಭಾಗ ಕಡಿಮೆ ಸಮಯದಲ್ಲಿ, ದಾರಿಯಲ್ಲಿ ಮಾತಾಡುವಷ್ಟು ಉಸಿರನ್ನು ಉಳಿಸಿಕೊಂಡು ನಡೆದೇ ಏರಬಲ್ಲವರಾದರೆ ಓಟದ ಮಾತನ್ನು ಎತ್ತಬಹುದು. ಇದು ನಮ್ಮ ಅಭಿಪ್ರಾಯ. ಯಾವ ಸಂಘದ ನಿಯಮವೂ ಅಲ್ಲ.

ಇನ್ನು ಮುಖ್ಯವಾದ ವಿಚಾರಕ್ಕೆ ಬರೋಣ. ದೇಹದ ಅಂಗಗಳೆಲ್ಲ ಒಟ್ಟಿಗೆ ಹದಗೊಳ್ಳುವುದಿಲ್ಲ. ಉಸಿರಾಟ ಮತ್ತು ಹೃದಯ ಕೆಲವೇ ವಾರಗಳಲ್ಲಿ ಹೊಸ ದುಡಿಮೆಗೆ ಒಗ್ಗುತ್ತವೆ. ಮಾಂಸಖಂಡಗಳು ಅವಕ್ಕಿಂತ ತುಸು ಹಿಂದೆ. ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿಗೂ ಮೂಳೆಗೂ ತಿಂಗಳುಗಳೇ ಬೇಕು. ಹೊಸಬರಿಗೆ ಅಪಾಯ ಬರುವುದು ಈ ಅಂತರದಿಂದ. ಆರನೆಯ ವಾರದಲ್ಲಿ ಉಸಿರು, “ಇನ್ನೂ ಓಡು” ಎನ್ನುತ್ತದೆ; ಹಿಮ್ಮಡಿಯ ಮೇಲಿನ ರಜ್ಜು ಇನ್ನೂ ಸಿದ್ಧವಾಗಿರುವುದಿಲ್ಲ, ಆದರೆ ಅದು ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳುವ ಹೊತ್ತಿಗೆ ಊತ ಬಂದಿರುತ್ತದೆ, ಇಲ್ಲವೆ ಮೊಣಕಾಲಿನ ಕೆಳಗಣ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಆಮೇಲೆ ಓಟವಿರಲಿ, ನಡಿಗೆಯೂ ತಿಂಗಳುಗಟ್ಟಲೆ ನಿಂತೀತು. ಬೆಟ್ಟ ನಡೆದು ಉಸಿರು ಪಳಗಿದವರಿಗೆ ಈ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ಅವರ ಹೃದಯ ಮುಂದೆ ಹೋಗಿರುತ್ತದೆ, ಕಾಲು ಹಿಂದೆ ಉಳಿದಿರುತ್ತದೆ.

ಆದುದರಿಂದ ಆರಂಭದ ಆರೆಂಟು ವಾರ ಓಟವನ್ನು ನಡಿಗೆಯೊಳಗೆ ಅಡಗಿಸಿಡಬೇಕು. ವಾರಾಂತ್ಯದ ಮೂರು ನಾಲ್ಕು ಗಂಟೆಗಳ ಬೆಟ್ಟದ ನಡಿಗೆ ಎಂದಿನಂತೆ ಇರಲಿ. ವಾರದ ನಡುವೆ ಎರಡು ದಿನ, ಅರ್ಧ ಗಂಟೆ, ಮೆತ್ತನೆಯ ಹುಲ್ಲುನೆಲದಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವುದು. ಹೀಗೆ ಹತ್ತು ಸಲ. ಏರು ಬಂದರೆ ನಡಿಗೆ, ಸಮತಟ್ಟಿನಲ್ಲಿ ಮಾತ್ರ ಓಟ. ಕೆಸಿಕ್‌ನವರಿಗೆ ಇದಕ್ಕೆ ಲ್ಯಾಟ್ರಿಗ್ ಎಂಬ 368 ಮೀಟರಿನ ಹುಲ್ಲುಬೆಟ್ಟವಿದೆ. ಮಕ್ಕಳೂ ವೃದ್ಧರೂ ಹತ್ತುವಂಥದು. ನಾವೂ ಕೋಲೂರಿ ಹತ್ತಿದೆವು. ಸರೋವರದ ಆಚೆಯಿರುವ ಕ್ಯಾಟ್‌ಬೆಲ್ಸ್ 451 ಮೀಟರ್ ಮಾತ್ರವಾದರೂ ತುದಿಯ ಬಳಿ ಕೈಯೂರಿ ಏರಬೇಕಾದ ನುಣುಪು ಬಂಡೆಗಳಿವೆ. ಅದು ನಡಿಗೆಗೆ ಚಂದ, ಹೊಸ ಓಟಕ್ಕಲ್ಲ.

ಬಳಿಕ ಓಟದ ನಿಮಿಷಗಳನ್ನು ಹೆಚ್ಚಿಸುತ್ತ, ನಡಿಗೆಯ ನಿಮಿಷಗಳನ್ನು ತಗ್ಗಿಸುತ್ತ ಹೋಗುವುದು. ಇಲ್ಲಿ ಒಂದು ಕಟ್ಟುಪಾಡನ್ನು ಬಿಡಬಾರದು. ಸಮಯ, ಎತ್ತರ, ವೇಗ ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಏರಿಸಬೇಕು. ಈ ತಿಂಗಳು ಹೆಚ್ಚು ಹೊತ್ತು ಓಡಿದರೆ ಬೆಟ್ಟ ಹಳೆಯದೇ ಇರಲಿ. ಮುಂದಿನ ತಿಂಗಳು ಬೆಟ್ಟ ದೊಡ್ಡದಾದರೆ ಹೊತ್ತು ಬೆಳೆಯದಿರಲಿ. ಪ್ರತಿ ನಾಲ್ಕನೆಯ ವಾರ ದುಡಿಮೆಯನ್ನು ಅರ್ಧಕ್ಕಿಳಿಸಿ ದೇಹಕ್ಕೆ ಬಿಡುವು ಕೊಡಬೇಕು. ಬಿತ್ತಿದ ಮರುದಿನವೇ ಮಣ್ಣು ಕೆದಕಿ ಮೊಳಕೆ ನೋಡುವ ರೈತನಿಲ್ಲ.

ನೋವುಗಳಲ್ಲಿಯೂ ಎರಡು ಬಗೆ. ಎರಡೂ ತೊಡೆಗಳು ಸಮನಾಗಿ ಬಿಗಿದು, ಮೂರ್ನಾಲ್ಕು ದಿನದಲ್ಲಿ ತಾನೇ ಸಡಿಲುವ ನೋವು ಬೆಳವಣಿಗೆಯ ನೋವು; ಅದಕ್ಕೆ ಅಂಜಬೇಕಿಲ್ಲ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಅದರಲ್ಲೂ ಮೂಳೆಯ ಮೇಲೆ, ಓಡಿದಷ್ಟೂ ಹೆಚ್ಚುವ ನೋವು ನಿಲ್ಲಿಸೆಂಬ ಆಜ್ಞೆ. ಮಗಳು ವೈದ್ಯೆಯಾಗಿರುವಾಗ ಇದನ್ನು ನಾವು ಹೇಳುವುದೇಕೆ ಎಂದು ಗೆಳೆಯರು ಕೇಳಿದರು. ವೈದ್ಯರೇ ತಮ್ಮ ದೇಹದ ದೂರನ್ನು ಎಲ್ಲರಿಗಿಂತ ಕಡೆಯಲ್ಲಿ ಕೇಳುವವರೆಂಬುದು ನಮ್ಮ ಅನುಭವ.

ಏರಿನ ವಿಚಾರ ಇಷ್ಟು ಸಾಕು. ಬೆಟ್ಟದೋಟದ ನಿಜವಾದ ವಿದ್ಯೆ ಇರುವುದು ಇಳಿತದಲ್ಲಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದವರನ್ನು ಕೇಳಿ ನೋಡಿ: ಏದುಸಿರು ಬಂದದ್ದು ಹತ್ತುವಾಗ, ತೊಡೆ ನಡುಗಿದ್ದು ಇಳಿಯುವಾಗ, ಮರುದಿನ ಮನೆಯ ಹೊಸ್ತಿಲು ದಾಟುವುದಕ್ಕೂ ತಿಣುಕಿದ್ದು ಆ ಇಳಿತದ ಫಲ. ಏರುವಾಗ ತೊಡೆಯ ಮುಂಭಾಗದ ಮಾಂಸಖಂಡ ಕುಗ್ಗುತ್ತ ದುಡಿಯುತ್ತದೆ. ಇಳಿಯುವಾಗ ದೇಹದ ಭಾರವನ್ನು ತಡೆಹಿಡಿಯುತ್ತ, ಹಿಗ್ಗುತ್ತಲೇ ದುಡಿಯಬೇಕಾಗುತ್ತದೆ. ಈ ಎರಡನೆಯ ಬಗೆಯ ದುಡಿಮೆ ಅದರ ಎಳೆಗಳಲ್ಲಿ ಸೂಕ್ಷ್ಮವಾದ ಹರಕುಗಳನ್ನುಂಟುಮಾಡುತ್ತದೆ. ನೋವು ಒಡನೆಯೇ ಬಾರದೆ ಒಂದೆರಡು ದಿನಗಳ ಮೇಲೆ ಉಲ್ಬಣಿಸುವುದೂ ಇದರ ಲಕ್ಷಣ. ಸಮಾಧಾನದ ಸಂಗತಿಯೆಂದರೆ, ಒಮ್ಮೆ ಹೀಗೆ ಪೆಟ್ಟುಂಡು ಮಾಗಿದ ಮಾಂಸಖಂಡ ಎರಡು ಮೂರು ವಾರಗಳ ಮೇಲೆ ಅದೇ ಇಳಿಜಾರನ್ನು ಬಹಳ ಕಡಿಮೆ ನೋವಿನಿಂದ ತಾಳುತ್ತದೆ. ದೇಹಶಾಸ್ತ್ರಜ್ಞರು ಇದನ್ನು ಹಲವು ಬಾರಿ ಪರೀಕ್ಷಿಸಿ ಕಂಡಿದ್ದಾರೆ. ಅಂದಮೇಲೆ ಇಳಿತವನ್ನು ಔಷಧದಂತೆ ಸ್ವಲ್ಪಸ್ವಲ್ಪವೇ ಸೇವಿಸಬೇಕು. ಮೊದಲ ದಿನ ಹುಲ್ಲಿನ ಇಳಿಜಾರಿನಲ್ಲಿ ಐದು ನಿಮಿಷ ಸಾಕು. ಎರಡು ವಾರ ಬಿಟ್ಟು ಹತ್ತು ನಿಮಿಷ. ಕಲ್ಲಿನ ಇಳಿಜಾರು ಆರು ತಿಂಗಳವರೆಗೆ ಬೇಡ.

ಇಳಿಯುವ ಕ್ರಮವನ್ನು ನಾವು ಲ್ಯಾಟ್ರಿಗ್‌ನ ಬುಡದಲ್ಲಿ ಕುಳಿತು ಒಂದು ಸಂಜೆಯೆಲ್ಲ ನೋಡಿದೆವು. ಹೊಸಬರು ಹೆದರಿ ಹಿಂದಕ್ಕೆ ವಾಲುತ್ತಾರೆ, ಹಿಮ್ಮಡಿಯನ್ನು ಊರುತ್ತಾರೆ. ಹಿಮ್ಮಡಿ ಜಾರುತ್ತದೆ, ಕೂತುಬೀಳುತ್ತಾರೆ. ಪಳಗಿದವರು ಮೈಯನ್ನು ಇಳಿಜಾರಿನೊಂದಿಗೆ ತುಸು ಮುಂದಕ್ಕೆ ಒಡ್ಡಿ, ಮೊಣಕಾಲನ್ನು ಸಡಿಲಬಿಟ್ಟು, ಸಣ್ಣಸಣ್ಣ ಹೆಜ್ಜೆಗಳನ್ನು ತೀವ್ರವಾಗಿ ಇಡುತ್ತಾರೆ. ಪಾದ ನೆಲದ ಮೇಲೆ ನಿಲ್ಲುವುದೇ ಇಲ್ಲವೆಂಬಂತೆ ತೋರುತ್ತದೆ. ಕೈಗಳು ರೆಕ್ಕೆಗಳಂತೆ ಅಗಲಿರುತ್ತವೆ. ದೃಷ್ಟಿ ಕಾಲಬೆರಳಿನ ಮೇಲಲ್ಲ, ಮುಂದಿನ ಮೂರು ನಾಲ್ಕು ಹೆಜ್ಜೆಗಳಾಚೆ. ಅರವತ್ತು ದಾಟಿದ ಹೆಂಗಸೊಬ್ಬರು ಹೀಗೆ ಇಳಿದು ಹೋದುದನ್ನು ಕಂಡು ನಮ್ಮ ಗೆಳೆಯರು ಬಹಳ ಹೊತ್ತು ಮಾತಾಡಲಿಲ್ಲ.

ಇದಕ್ಕೆ ಪಾದರಕ್ಷೆಯೂ ಬೇರೆ. ರಸ್ತೆಯೋಟದ ದಪ್ಪ ಮೆತ್ತೆಯ ಬೂಟು ಬೆಟ್ಟಕ್ಕೆ ಹಗೆ. ಅಟ್ಟ ಎತ್ತರವಾದಷ್ಟೂ ಕಣಕಾಲು ಉಳುಕುವುದು ಸುಲಭ. ನೆಲಕ್ಕೆ ಹತ್ತಿರವಾದ, ಅಡಿಯಲ್ಲಿ ರಬ್ಬರಿನ ಗುಬುಟುಗಳಿರುವ ತೆಳು ಬೂಟೇ ಬೇಕು. ಅದಕ್ಕೂ ಕಾಲು ಒಗ್ಗಲು ಕೆಲವು ವಾರ ಹಿಡಿಯುತ್ತದೆ.

ಈ ನಾಡಿನಲ್ಲಿ ಬೆಟ್ಟದೋಟದ ದೊಡ್ಡ ಹೆಸರು ಬಾಬ್ ಗ್ರಹಾಂ. ಆತ ಕೆಸಿಕ್‌ನಲ್ಲಿ ಅತಿಥಿಗೃಹ ನಡೆಸುತ್ತಿದ್ದ ಸಾಮಾನ್ಯ ಗೃಹಸ್ಥ. 1932ರ ಜೂನ್‌ನಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಊರ ನಡುವಿನ ಮೂಟ್ ಹಾಲ್ ಎಂಬ ಕಟ್ಟಡದಿಂದ ಹೊರಟು 24 ಗಂಟೆಗಳೊಳಗೆ 42 ಶಿಖರಗಳನ್ನು ಸುತ್ತಿ ಅಲ್ಲಿಗೇ ಮರಳಿದ. ಈಗ ಅವನ ಹೆಸರಿನಲ್ಲೇ ನಡೆಯುವ ಈ ಸುತ್ತಿನ ದೂರ ಸುಮಾರು 66 ಮೈಲಿ, ಏರು ಸುಮಾರು 27,000 ಅಡಿ. ತೊಟ್ಟದ್ದು ಟೆನ್ನಿಸ್ ಬೂಟು, ಮೊಣಕಾಲವರೆಗಿನ ಚಡ್ಡಿ, ಪೈಜಾಮದ ಅಂಗಿ. ಜನ ಈ ವೇಷವನ್ನೇ ನೆನೆಯುತ್ತಾರೆ. ನಮಗೆ ಹೆಚ್ಚಿನದಾಗಿ ಕಂಡದ್ದು ಆ ಒಂದು ದಿನದ ಹಿಂದಿದ್ದ ವರ್ಷಗಳು. ಆ ಬೆಟ್ಟಗಳನ್ನೆಲ್ಲ ಆತ ಮುಂಚೆಯೇ ನಡೆದು ನಡೆದು ಕಲ್ಲುಕಲ್ಲನ್ನೂ ಬಲ್ಲವನಾಗಿದ್ದ. ಅವನು ಮಾಡಿದ್ದನ್ನು ಇನ್ನೊಬ್ಬರು ಮಾಡಲು 28 ವರ್ಷ ಹಿಡಿಯಿತು. 1960ರಲ್ಲಿ ಅಲನ್ ಹೀಟನ್ ಅದನ್ನು ಪೂರೈಸಿದ. 1982ರಲ್ಲಿ ಬಿಲ್ಲಿ ಬ್ಲಾಂಡ್ ಎಂಬ ಸ್ಥಳೀಯ ಕಲ್ಲುಕೆಲಸಗಾರ ಅದೇ ಸುತ್ತನ್ನು 13 ಗಂಟೆ 53 ನಿಮಿಷಕ್ಕೆ ಇಳಿಸಿದ. ಅದನ್ನು ಮೀರಲು 36 ವರ್ಷ ಬೇಕಾಯಿತು.

ಕುರಿಗಾರ ಜಾಸ್ ನೇಲರ್ ಅವರದು ಇನ್ನೊಂದು ಕಥೆ. 1936ರಲ್ಲಿ ವಾಸ್‌ಡೇಲ್ ಕಣಿವೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಬೆನ್ನಿಗೆ ಪೆಟ್ಟಾಗಿ, ಶಸ್ತ್ರಚಿಕಿತ್ಸೆಗೊಳಗಾಗಿದ್ದವರು. 1960ರಲ್ಲಿ ಮೊದಲ ಸ್ಪರ್ಧೆಗೆ ಇಳಿದದ್ದು ಹೊಲದ ಕೆಲಸದ ಬೂಟು ತೊಟ್ಟೇ. 1975ರಲ್ಲಿ 24 ಗಂಟೆಗಳೊಳಗೆ 72 ಶಿಖರ ಓಡಿದರು. ಎಪ್ಪತ್ತು ತುಂಬಿದಾಗ, 2006ರಲ್ಲಿ, 70 ಶಿಖರ ಓಡಿದರು! 2024ರಲ್ಲಿ ತೀರಿಕೊಂಡರು. ಬಾಲ್ಯದಿಂದ ಕುರಿಯ ಹಿಂದೆ ಬೆಟ್ಟ ಅಲೆದ ಕಾಲುಗಳವು. ಅವರ ಮೊದಲ ಪದಕದ ಹಿಂದೆ ಇಪ್ಪತ್ತು ವರ್ಷಗಳ ನಡಿಗೆಯಿತ್ತು. ಇದನ್ನು ಮರೆತು ಅವರ ವೇಗವನ್ನು ಮಾತ್ರ ಹೊಗಳುವುದು ನ್ಯಾಯವಲ್ಲ.

ಹೆಣ್ಣುಮಕ್ಕಳಿಗೆ ಇದು ಸಲ್ಲದೆಂಬ ಮಾತು ನಮ್ಮಲ್ಲಿ ಮಾತ್ರವಲ್ಲ, ಅಲ್ಲಿಯೂ ಇತ್ತು. 1955ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಪರ್ವತದ ಓಟಕ್ಕೆ ಬಂದ ಹದಿನಾರರ ಕ್ಯಾಥ್ಲೀನ್ ಕೊನಾಕಿಯನ್ನು ಸ್ಪರ್ಧಿಯೆಂದು ಒಪ್ಪಲಿಲ್ಲ. ಗಂಡಸರು ಹೊರಟ ಮೇಲೆ ಆಕೆ ತಾನಾಗಿ ಓಡಿ ಶಿಖರ ಮುಟ್ಟಿ ಬಂದಳು. 1977ರಲ್ಲಿ ಜೀನ್ ಡಾಸ್ ಬಾಬ್ ಗ್ರಹಾಂ ಸುತ್ತನ್ನು 24 ಗಂಟೆಗಳೊಳಗೆ ಮುಗಿಸಿದ ಮೊದಲ ಮಹಿಳೆಯಾದರು. 2019ರಲ್ಲಿ ಪಶುವೈದ್ಯೆ ಜಾಸ್ಮಿನ್ ಪ್ಯಾರಿಸ್, ಮನೆಯಲ್ಲಿ ಎಳೆಗೂಸಿರುವಾಗಲೇ, ಉತ್ತರ ಇಂಗ್ಲೆಂಡಿನ ಬೆಟ್ಟಸಾಲಿನ 268 ಮೈಲಿಗಳ ಚಳಿಗಾಲದ ಓಟದಲ್ಲಿ ಗಂಡಸರನ್ನೂ ಹಿಂದಿಕ್ಕಿ ಮೊದಲಿಗರಾದರು. ಗೆಳೆಯರಿಗೆ ಇದನ್ನು ಓದಿ ಹೇಳಿದೆವು. “ಆಕೆಯ ತಂದೆ ಏನೆಂದಿರಬಹುದು?” ಎಂದು ಮಾತ್ರ ಕೇಳಿದರು.

ತಂದೆಯ ಭಯಕ್ಕೆ ನಿಜವಾದ ಕಾರಣ ಕಾಲಲ್ಲ, ಹವೆ. ಬಾರೋಡೇಲ್ ಕಣಿವೆಯ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ನಮ್ಮ ಆಗುಂಬೆಗೆ ಇದು ಅರ್ಧವೇ ಇರಬಹುದು. ಆದರೆ ಆಗುಂಬೆಯ ಮಳೆಯಲ್ಲಿ ನೆನೆದವನು ಬಿಸಿ ಕಷಾಯ ಕುಡಿದು ಸುಧಾರಿಸಿಕೊಳ್ಳುತ್ತಾನೆ, ಅಲ್ಲಿಯ ಮಳೆ ಕೊಲ್ಲುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ, ಮೇಲೆ ಗಾಳಿ. ಓಡುವವನು ತೆಳುಬಟ್ಟೆಯಲ್ಲಿರುತ್ತಾನೆ, ಓಡುತ್ತಿರುವವರೆಗೆ ಮೈ ಬೆಚ್ಚಗಿರುತ್ತದೆ. ಕಾಲು ಉಳುಕಿ ಕೂತೊಡನೆ ಅರ್ಧ ಗಂಟೆಯಲ್ಲಿ ನಡುಕ ಹತ್ತುತ್ತದೆ, ನಾಲಗೆ ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. 1957ರ ಬೆನ್ ನೆವಿಸ್ ಓಟದಲ್ಲಿ ಸ್ಪರ್ಧಿಯೊಬ್ಬ ಹೀಗೆಯೇ ಚಳಿಗೆ ಪ್ರಾಣ ಬಿಟ್ಟ. ಅದಕ್ಕಾಗಿಯೇ ಸ್ಪರ್ಧೆಗಳಲ್ಲಿ ನೀರು ಹೊಗದ ಅಂಗಿ ಮತ್ತು ಷರಾಯಿ, ಟೋಪಿ, ಕೈಗವಸು, ನಕ್ಷೆ, ದಿಕ್ಸೂಚಿ, ಸೀಟಿ, ತುರ್ತಿಗೆ ತಿನಿಸು ಇವನ್ನು ಸೊಂಟದ ಚೀಲದಲ್ಲಿಟ್ಟುಕೊಳ್ಳಬೇಕೆನ್ನುತ್ತಾರೆ. ಕೆಲವೆಡೆ ಹೊರಡುವ ಮುನ್ನ ಚೀಲ ಬಿಚ್ಚಿಸಿ ನೋಡುತ್ತಾರೆ. ಒಂಟಿಯಾಗಿ ಅಭ್ಯಾಸಕ್ಕೆ ಹೋಗುವವರು ಇನ್ನೂ ಒಂದು ಬೆಚ್ಚನೆಯ ಅಂಗಿ ಸೇರಿಸಿಕೊಳ್ಳಲಿ; ಅಲ್ಲಿ ಕಾಯುವ ಕಾವಲುಗಾರರಿರುವುದಿಲ್ಲ. ಮಂಜು ಕವಿದರೆ ಹತ್ತು ಮಾರು ಮುಂದೆ ಕಾಣದು. ಕೈಯಲ್ಲಿರುವ ಮೊಬೈಲು ಚಳಿಗೆ ನಿಂತುಹೋದೀತು, ನಕ್ಷೆ ಓದಲು ಬರಲೇಬೇಕು. ಅದನ್ನು ನಡಿಗೆಯ ದಿನಗಳಲ್ಲೇ ಕಲಿಯಬೇಕು, ಓಟದ ನಡುವೆ ಕಲಿಯಲಾಗದು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆಂಬುದೂ ನೆನಪಿರಲಿ.

ಸಹಾಯ ಕೋರುವ ಸಂಕೇತವನ್ನು ಮನೆಯವರೂ ತಿಳಿದಿರುವುದು ಒಳ್ಳೆಯದು. ನಿಮಿಷವೊಂದರಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ. ಉತ್ತರವಾಗಿ ಮೂರು ಸಲ ಕೇಳಿಬರುತ್ತದೆ. ದೂರವಾಣಿಯಾದರೆ 999ಕ್ಕೆ ಕರೆದು, ಪೊಲೀಸರನ್ನು ಕೇಳಿ, ಪರ್ವತ ರಕ್ಷಣಾ ದಳ ಬೇಕೆನ್ನಬೇಕು.

ಮೊದಲ ಸ್ಪರ್ಧೆಯ ಆಯ್ಕೆ ಕಷ್ಟವಲ್ಲ. 1970ರಲ್ಲಿ ಆರಂಭವಾದ ಬೆಟ್ಟದೋಟಗಾರರ ಸಂಘದವರು ಸ್ಪರ್ಧೆಗಳನ್ನು ಅಕ್ಷರಗಳಿಂದ ವಿಂಗಡಿಸಿದ್ದಾರೆ. ಕಿಲೋಮೀಟರಿಗೆ ಸರಾಸರಿ 50 ಮೀಟರಿಗೆ ಕಡಿಮೆಯಿಲ್ಲದ ಏರಿದ್ದರೆ ‘ಎ’, 25 ಮೀಟರ್ ಆದರೆ ‘ಬಿ’, 20 ಆದರೆ ‘ಸಿ’. ಹತ್ತು ಕಿಲೋಮೀಟರಿನೊಳಗಿನವು ‘ಎಸ್’, ಇಪ್ಪತ್ತು ಮುಟ್ಟಿದವು ‘ಎಲ್’, ನಡುವಿನವು ‘ಎಂ’. ಹೊಸಬರು ‘ಸಿ ಎಸ್’ ಅಥವಾ ‘ಬಿ ಎಸ್’ ಎಂದಿರುವುದನ್ನು ಹುಡುಕಲಿ. ಅಭ್ಯಾಸ ತೊಡಗಿ ವರ್ಷ ತುಂಬಿದ ಮೇಲೆ, ಬೇಸಿಗೆಯ ಸಂಜೆ ನಡೆಯುವ ಊರಿನ ಸಣ್ಣ ಸ್ಪರ್ಧೆಯಾದರೆ ಉತ್ತಮ. ಕೊನೆಯಲ್ಲಿ ಬಂದವರಿಗೂ ಅಲ್ಲಿ ಚಹಾ ಇರುತ್ತದೆ.

ವಸಂತದಲ್ಲಿ ಕುರಿಗಳು ಮರಿಹಾಕುವ ಕಾಲ. ಆಗ ಹಿಂಡಿನ ನಡುವೆ ನುಗ್ಗದೆ ಸುತ್ತಿ ಹೋಗಬೇಕು, ತೆರೆದ ಗೇಟನ್ನು ಮುಚ್ಚಿ ಮುಂದುವರಿಯಬೇಕು. ಗೆಳೆಯರ ಮಗಳಿಗೆ ನಾವು ಒತ್ತಿ ಹೇಳಿದ ಮಾತು ಇನ್ನೊಂದಿತ್ತು. ಸ್ಪರ್ಧೆಯ ನಡುವೆ ಸಾಕೆನಿಸಿದರೆ ನಿಲ್ಲುವುದರಲ್ಲಿ ಅವಮಾನವಿಲ್ಲ; ಆದರೆ ನಿಂತವರು ತಾವು ನಿಂತೆವೆಂದು ವ್ಯವಸ್ಥಾಪಕರ ಮುಂದೆ ಹಾಜರಾಗಿ ತಿಳಿಸಲೇಬೇಕು. ಹೇಳದೆ ಮನೆಗೆ ಹೋಗಿ ಮಲಗಿದವರಿಗಾಗಿ, ಸಂಬಳವಿಲ್ಲದೆ ದುಡಿಯುವ ರಕ್ಷಣಾ ದಳದವರು ರಾತ್ರಿಯಿಡೀ ಮಳೆಯಲ್ಲಿ ಬೆಟ್ಟ ಹುಡುಕಬೇಕಾಗುತ್ತದೆ.